ಬೀದಿ ಬಿಟ್ಟು ಬಾಡಿಗೆ ರೂಮಿಗೆ ಬಂದೋರಿಗೆ ಸಾಮಾನು ಹೊಂದಿಸೋದು ಹೇಗೆ

ನಮ್ಮ ಶಿವಮೊಗ್ಗದಲ್ಲಿ ಒಳ್ಳೆ ಮನಸ್ಸಿನ ಹುಡುಗ್ರು ಹುಡುಗೀರು ಸುಮಾರು ಜನ ಇದ್ದಾರೆ, ಬಸ್ ಸ್ಟ್ಯಾಂಡಲ್ಲೋ ಆಶ್ರಯ ಕೇಂದ್ರದಲ್ಲೋ ಮಲಗ್ತಿದ್ದೋರಿಗೆ ಒಂದು ಕೆಲಸ ಹುಡುಕಿ ಒಂದು ರೂಮು ಮಾಡಿಕೊಡ್ತಾರೆ, ಆಮೇಲೆ ವಾಟ್ಸಾಪಲ್ಲಿ ‘ಮನೆ ಸಾಮಾನು ಬೇಕು, ಇದ್ದೋರು ಕೊಡಿ’ ಅಂತ ಹಾಕ್ತಾರೆ. ಅಲ್ಲಿಗೆ ಶುರು ನೋಡಿ. ಕಾಲು ಅಲ್ಲಾಡೋ ಟೇಬಲ್ಲು, ಮುಚ್ಚಳ ಇಲ್ಲದ ಮಿಕ್ಸಿ, ಮಕ್ಕಳು ಬೇಡ ಅಂತ ಬಿಟ್ಟ ಶೋಕೇಸು, ಎಲ್ಲ ಬಂದು ಬೀಳುತ್ತೆ. ಹತ್ತಡಿ ರೂಮಲ್ಲಿ ಕಾಲಿಡೋಕೆ ಜಾಗ ಇರಲ್ಲ, ಆದ್ರೆ ರಾತ್ರಿ ಹೊದೆಯೋಕೆ ಕಂಬಳಿ ಇಲ್ಲ, ನೀರು ಹಿಡಿಯೋಕೆ ಕೊಡಪಾನ ಇಲ್ಲ. ಅದಕ್ಕೇ ನಾನು ಹೇಳೋದು, ಮೊದಲ ರಾತ್ರಿಗೆ ಎಂತ ಬೇಕು, ಮೊದಲ ಮಳೆಗಾಲಕ್ಕೆ ಎಂತ ಬೇಕು, ಇಷ್ಟೇ ಯೋಚನೆ ಮಾಡಿ, ಉಳಿದಿದ್ದು ಅವ್ರೇ ನಿಧಾನಕ್ಕೆ ಮಾಡ್ಕೊಳ್ತಾರೆ.

ಎಲ್ಲಕ್ಕಿಂತ ಮೊದಲು ಬೀಗ. ಒಳಗಿನ ಚಿಲಕ ಗಟ್ಟಿ ಇದೆಯಾ ನೋಡಿ, ಹೊರಗೆ ಹೊಸ ಬೀಗ ಹಾಕಿ, ಅದರ ಎಲ್ಲಾ ಕೀಲಿಕೈನೂ ಅವರ ಕೈಗೇ ಕೊಡಿ. ಒಂದು ಕೀ ನಮ್ಮ ಹತ್ರ ಇರ್ಲಿ ಅನ್ನೋ ಉಸಾಬರಿ ಬೇಡ ಮಾರಾಯ್ರೇ. ವರ್ಷಗಟ್ಟಲೆ ಇದ್ದಬದ್ದದ್ದೆಲ್ಲ ಒಂದು ಚೀಲಕ್ಕೆ ತುಂಬಿ ಅದನ್ನೇ ತಲೆದಿಂಬು ಮಾಡ್ಕೊಂಡು ಮಲಗಿದೋರು ಅವ್ರು. ಬೀಗ ಹಾಕೋ ಟ್ರಂಕ್ ಒಂದು ಕೊಟ್ರೆ ಇನ್ನೂ ಒಳ್ಳೇದು, ಆಧಾರ್, ರೇಷನ್ ಕಾರ್ಡು, ಆಸ್ಪತ್ರೆ ಚೀಟಿ ಎಲ್ಲ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಅದರಲ್ಲಿಡಬಹುದು. ಟ್ರಂಕನ್ನ ಮಾತ್ರ ಬರೀ ನೆಲದ ಮೇಲೆ ಇಡಬೇಡಿ, ಕೆಳಗೆ ನಾಲ್ಕು ಇಟ್ಟಿಗೆ ಕೊಡಿ, ಜೂನ್ ಬಂದ್ರೆ ನಮ್ಮಲ್ಲಿ ನೆಲ ಬೆವರೋಕೆ ಶುರುವಾಗುತ್ತೆ ಅಂತ ಗೊತ್ತಲ್ಲ, ಅಡಿ ತುಕ್ಕು ಹಿಡಿದು ಕಾಗದ ಎಲ್ಲ ಬೂಷ್ಟು ಬರುತ್ತೆ.

ಇನ್ನು ಹಾಸಿಗೆ ವಿಷಯ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ಜನ ಕೊಡೋಕೆ ಬರೋದೂ ಅದೇ, ಕೆಡೋದೂ ಅದೇ. ಹಳೇ ಹತ್ತಿ ಹಾಸಿಗೆ ತಗೊಳ್ಳಲೇಬೇಡಿ. ಬಯಲುಸೀಮೆಯಲ್ಲಾದ್ರೆ ಬಿಸಿಲಿಗೆ ಹಾಕಿ ಬಡಿದು ಸರಿಮಾಡ್ಕೊಬಹುದು, ತೀರ್ಥಹಳ್ಳಿ, ಹೊಸನಗರದ ಕಡೆ ಮಳೆ ಹಿಡಿದ್ರೆ ಬಿಸಿಲಿನ ಮುಖ ಕಾಣೋದು ಯಾವಾಗಲೋ, ಹತ್ತಿ ನೀರು ಕುಡಿದು ಭಾರ ಆಗಿ ವಾಸನೆ ಬಂದು ಕೊನೆಗೆ ತಿಪ್ಪೆಗೆ. ತೆಂಗಿನ ನಾರಿನ ತೆಳು ಹಾಸಿಗೆ ಗಾಳಿಯಾಡುತ್ತೆ, ಅದಾಗದಿದ್ರೆ ದಪ್ಪ ಪ್ಲಾಸ್ಟಿಕ್ ಚಾಪೆ ಮೇಲೆ ಎರಡು ಜಮಖಾನ, ಒಗೆದು ಒಳಗೇ ಹಗ್ಗದ ಮೇಲೆ ಒಣಗಿಸೋಕಾಗೋ ಅಂಥದ್ದು. ಹಳೇ ಮರದ ಮಂಚ ಕೊಡ್ತೀನಿ ಅಂದ್ರೆ ಮೊದಲು ಟಾರ್ಚು ಹಿಡಿದು ಸಂದಿಗಳನ್ನ ನೋಡಿ, ಕಪ್ಪು ಚುಕ್ಕೆ ಕಂಡ್ರೆ ತಿಗಣೆ ಅಂತ ತಿಳ್ಕೊಳ್ಳಿ. ಅದು ರಕ್ತ ಸಿಗದಿದ್ರೂ ತಿಂಗಳುಗಟ್ಟಲೆ ಬದುಕಿರುತ್ತೆ, ಆರು ತಿಂಗಳಿಂದ ಯಾರೂ ಮಲಗಿಲ್ಲ ಅನ್ನೋ ಮಾತು ನಂಬಬೇಡಿ. ಕಬ್ಬಿಣದ ಮಡಚೋ ಮಂಚಕ್ಕೆ ಒಂದು ಕೋಟು ಪೇಂಟು ಹೊಡೆದು ಕೊಟ್ರೆ ಆ ತಾಪತ್ರಯ ಕಮ್ಮಿ. ಮರದ ಪುಡಿ ಅಂಟಿಸಿ ಮಾಡ್ತಾರಲ್ಲ ರೆಡಿಮೇಡ್ ಬೀರು, ಅದಂತೂ ಬೇಡವೇ ಬೇಡ, ಒಂದು ಮಳೆಗಾಲಕ್ಕೆ ಹಪ್ಪಳದ ಥರ ಉಬ್ಬುತ್ತೆ. ಗೋಡೆಗೆ ನಾಲ್ಕು ಗೂಟ, ಒಂದು ಹಲಗೆ, ಸಾಕು. ಎಂತ ಸಾಮಾನಿಟ್ರೂ ಗೋಡೆಗೆ ಅಂಟಿಸದೆ ಒಂದು ಗೇಣು ಬಿಟ್ಟು ಇಡಿ.

ಮಂಚ ಕೊಟ್ಟ ಮೇಲೂ ಕೆಲವರು ನೆಲದ ಮೇಲೇ, ಅದೂ ಬಾಗಿಲ ಹತ್ರನೇ ಮಲಗ್ತಾರೆ. ಅದಕ್ಕೆ ಬೇಜಾರು ಮಾಡ್ಕೊಂಡು ಬುದ್ಧಿ ಹೇಳೋಕೆ ಹೋಗಬೇಡಿ. 2013ರಲ್ಲಿ ಬಂದ ಕೇಂದ್ರ ಸರ್ಕಾರದ ನಗರ ಜೀವನೋಪಾಯ ಅಭಿಯಾನದ ನಿಯಮದಲ್ಲಿ ಆಶ್ರಯ ಕೇಂದ್ರಗಳಲ್ಲಿ ಒಬ್ಬರಿಗೆ 50 ಚದರಡಿಯಾದ್ರೂ ಜಾಗ ಇರಬೇಕು ಅಂತಿತ್ತು, ಇದ್ರೂ ಅದು ಎಲ್ಲರಿಗೂ ಒಂದೇ ಹಜಾರ, ಪಕ್ಕದಲ್ಲಿ ಹತ್ತು ಜನರ ಕೆಮ್ಮು ಗೊರಕೆ. ಅಲ್ಲಿಂದ ಬಂದೋರಿಗೆ ಬಾಗಿಲು ಹಾಕಿದ ಕೂಡಲೇ ಆ ಮೌನನೇ ಹೆದರಿಕೆ ಆಗಬಹುದು. ಒಂದು ಜೀರೋ ಬಲ್ಬು, ಒಂದು ಸಣ್ಣ ರೇಡಿಯೋ, ಇವೆರಡು ಸೋಫಾ ಸೆಟ್ಟಿಗಿಂತ ಉಪಕಾರ, ಕರೆಂಟು ಹೋದಾಗ ಇರ್ಲಿ ಅಂತ ಚಾರ್ಜರ್ ಲೈಟೂ ಒಂದು.

ಅಡುಗೆಗೆ 3 ಲೀಟರ್ ಕುಕ್ಕರ್, ಎರಡು ಪಾತ್ರೆ, ಒಂದು ಕಾವಲಿ, ಸೌಟು, ಚಾಕು, ಮುಚ್ಚಳ ಇರೋ ಡಬ್ಬಗಳು. ಹಳೇ ಕುಕ್ಕರ್ ಆದ್ರೆ ಗ್ಯಾಸ್ಕೆಟ್ಟೂ ಸೇಫ್ಟಿ ವಾಲ್ವೂ ಹೊಸದು ಹಾಕಿಸಿಯೇ ಕೊಡಿ. ತಟ್ಟೆ ಲೋಟ ಒಂದೊಂದೇ ಕೊಡೋರಿದ್ದಾರೆ, ಒಬ್ಬರೇ ತಾನೆ ಅಂತ, ಅದು ನಂಗೆ ಸರಿ ಬರಲ್ಲ. ಮನೆ ಅಂದ್ಮೇಲೆ ಯಾರೋ ಒಬ್ಬರು ಬರ್ತಾರೆ, ಕಾಫಿ ಕುಡೀರಿ ಅನ್ನಬೇಕು, ಲೋಟ ನಾಲ್ಕಾದ್ರೂ ಇರ್ಲಿ. ಒಂದು ವಾರಕ್ಕಾಗೋ ಅಕ್ಕಿ, ಬೇಳೆ, ಎಣ್ಣೆ, ಉಪ್ಪು, ಖಾರದಪುಡಿ, ಬೆಲ್ಲ, ಕಾಫಿಪುಡಿ, ಕಡ್ಡಿಪೆಟ್ಟಿಗೆ ಇಟ್ಟು ಬನ್ನಿ. ಹಾಲುಕ್ಕಿಸೋದಿದ್ರೆ ಅವರ ಕೈಲೇ ಉಕ್ಕಿಸಲಿ, ನೀವು ಮೊಬೈಲ್ ಒಳಗಿಡಿ. ಕೊಟ್ಟಿದ್ದಕ್ಕೆಲ್ಲ ಫೋಟೋ ತೆಗೆದು ಸ್ಟೇಟಸ್ ಹಾಕೋ ಚಟ ನೋಡಿದ್ರೆ ನಂಗೆ ಮೈಯೆಲ್ಲ ಉರಿಯುತ್ತೆ.

ಗ್ಯಾಸಿಗೆ ವಿಳಾಸದ ದಾಖಲೆ ಇಲ್ಲ ಅಂತ ಕೈಚೆಲ್ಲಬೇಡಿ, 5 ಕೆಜಿ ಸಿಲಿಂಡರ್ ಗುರುತಿನ ಚೀಟಿ ಒಂದಿದ್ರೆ ಸಿಗುತ್ತೆ. ಕೆಜಿ ಲೆಕ್ಕದಲ್ಲಿ ಮನೆ ಸಿಲಿಂಡರಿಗಿಂತ ದುಬಾರಿ ಬೀಳುತ್ತೆ, ಹಾಗಾಗಿ ವಿಳಾಸ ಆದಕೂಡಲೇ 14.2 ಕೆಜಿದಕ್ಕೆ ಅರ್ಜಿ ಹಾಕಿಸಿ. ಸಿಲಿಂಡರ್ ಕುತ್ತಿಗೆ ಪಟ್ಟಿ ಮೇಲೆ ಎ, ಬಿ, ಸಿ, ಡಿ ಅಂತ ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಇಸವಿ ಬರೆದಿರುತ್ತೆ, ಎ ಅಂದ್ರೆ ಮಾರ್ಚ್ ತನಕ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್, ಮತ್ತೆ ಟೆಸ್ಟಿಗೆ ಹೋಗಬೇಕಾದ ಗಡುವು ಅದು. ಅದನ್ನ ಓದೋಕೆ ಅವರಿಗೂ ತೋರಿಸಿಕೊಡಿ. ಪೈಪು ಮಾತ್ರ ಯಾರದ್ದೋ ಹಳೇದು ಹಾಕಬೇಡಿ.

ಕರೆಂಟಿನ ವಿಷಯದಲ್ಲಿ ಎಲ್ಲರೂ 200 ಯೂನಿಟ್ ಫ್ರೀ ಅಂತ ಹೇಳಿಬಿಡ್ತಾರೆ, 2023ರ ಗೃಹಜ್ಯೋತಿ ಹಂಗಿಲ್ಲ. ಸರಾಸರಿ ಬಳಕೆ ಮೇಲೆ ಶೇ 10, ಸರಾಸರಿ 48 ಯೂನಿಟ್‌ಗಿಂತ ಕಮ್ಮಿ ಇದ್ರೆ 2024ರಿಂದ 10 ಯೂನಿಟ್, ಸೇರಿಸಿ ಎಷ್ಟಾಗುತ್ತೋ ಅಷ್ಟು ಫ್ರೀ, ಅದಕ್ಕಿಂತ ಜಾಸ್ತಿಯಾದ್ರೆ ಜಾಸ್ತಿಯಾಗಿದ್ದಕ್ಕೆ ದುಡ್ಡು, 200 ದಾಟಿದ್ರೆ ಪೂರ್ತಿ ಬಿಲ್ಲು. ಬಾಡಿಗೆಯೋರಿಗೂ ಉಂಟು, ಮೆಸ್ಕಾಂ ಬಿಲ್ಲಿನ ಅಕೌಂಟ್ ನಂಬರಿಗೆ ಅವರ ಆಧಾರ್ ಜೋಡಿಸಬೇಕು. ಇಂಡಕ್ಷನ್ ಒಲೆ ಕೊಡೋ ಮುಂಚೆ ಇದನ್ನ ಲೆಕ್ಕ ಹಾಕಿ, 2000 ವ್ಯಾಟಿನದ್ದು ಫುಲ್ಲಲ್ಲಿ ಒಂದು ಗಂಟೆ ಉರಿದ್ರೆ 2 ಯೂನಿಟ್ ಹೋಯ್ತು. ಮಳೆಗಾಲದಲ್ಲಿ ಬಟ್ಟೆ ಒಣಗಿಸೋಕೋ ಮೈ ಕಾಯಿಸೋಕೋ ಕೆಂಡದ ಅಗ್ಗಿಷ್ಟಿಕೆ ತಂದು ಕಿಟಕಿ ಮುಚ್ಚಿ ಮಲಗೋದು ಮಾತ್ರ ಜೀವಕ್ಕೇ ಅಪಾಯ, ಕೆಂಡದಿಂದ ಬರೋ ವಿಷಗಾಳಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತೆ. ಇದನ್ನ ಬಿಡಿಸಿ ಹೇಳಿ.

ದುಡ್ಡು ಒಟ್ಟಾಗಿದ್ರೆ ಎಲ್ಲ ನೀವೇ ತಂದು ಜೋಡಿಸಬೇಡಿ, ಅವರನ್ನ ಗಾಂಧಿ ಬಜಾರಿಗೆ ಕರ್ಕೊಂಡು ಹೋಗಿ. ಹೊದಿಕೆ ಕೆಂಪೋ ನೀಲಿಯೋ, ಬಕೆಟ್ಟು ಯಾವ ಬಣ್ಣ, ದೇವರ ಫೋಟೋ ಬೇಕಾ ಬೇಡವಾ, ಅವ್ರೇ ಆರಿಸ್ಲಿ. ಎಷ್ಟು ಹೊತ್ತಾದ್ರೂ ಅವಸರ ಮಾಡಬೇಡಿ. ಆಷಾಢದಲ್ಲಿ ನಮ್ಮ ಜನ ಮನೆ ಬದಲಾಯಿಸೋದು ಕಮ್ಮಿ, ರೂಮು ಖಾಲಿ ಇದ್ರೆ ಓನರ್ ಹತ್ರ ಅಡ್ವಾನ್ಸ್ ಚೌಕಾಸಿ ಮಾಡೋಕೆ ಅದೇ ಒಳ್ಳೆ ಟೈಮು, ಸೋರುತ್ತೋ ಇಲ್ಲವೋ ಅಂತಾನೂ ಅವಾಗ್ಲೇ ಗೊತ್ತಾಗೋದು.

ಟಿವಿ, ಫ್ರಿಜ್ಜು, ಮಿಕ್ಸಿ ಈಗ್ಲೇ ಬೇಡ, ಕಂತಿನ ಮೇಲೆ ಕೊಡಿಸೋದಂತೂ ಬೇಡ. ಒಂದು ತಿಂಗಳು ಬಿಟ್ಟು ಹೋಗಿ, ಬಾಗಿಲು ತಟ್ಟಿ ನಿಂತ್ಕೊಳ್ಳಿ, ಕರೆದ್ರೆ ಒಳಗೆ ಹೋಗಿ, ಏನು ಕಮ್ಮಿಯಾಗಿದೆ ಅಂತ ಕೇಳಿ. ಆಗ ಕೇಳೋದೆಲ್ಲ ನಾವು ಯೋಚನೆನೇ ಮಾಡಿರಲ್ಲ, ಸೂಜಿ ದಾರ, ಉಗುರು ಕತ್ತರಿ, ಕನ್ನಡಿ, ಬಟ್ಟೆ ಕ್ಲಿಪ್ಪು, ಕೊಡೆ. ಕೊಡೆ ಕೊಡೋದಾದ್ರೆ ಉದ್ದ ಕೋಲಿನ ದೊಡ್ಡದೇ ಕೊಡಿ, ಬ್ಯಾಗಲ್ಲಿಡೋ ಮೂರು ಮಡಿಕೆದು ನಮ್ಮ ಗಾಳಿಮಳೆಗೆ ಮೊದಲ ದಿನಾನೇ ತಿರುಗಿ ನಿಲ್ಲುತ್ತೆ.