ಮೆತ್ತಿಯ ಮೇಲಿನ ಸೀಡಿ, ಹೊಸ ಲ್ಯಾಪ್‌ಟಾಪ್: ಹಳೇ ಆಟ ಆಡಿಸುವುದು ಹೇಗೆ?

ಕಳೆದ ಮಳೆಗಾಲದಲ್ಲಿ ಸೋರುವ ಹೆಂಚು ಹುಡುಕಲು ಶಿರಸಿಯ ಮನೆಯ ಮೆತ್ತಿ ಹತ್ತಿದ್ದೆ. ಅಡಿಕೆ ಚೀಲಗಳ ಹಿಂದೆ ಒಂದು ಬಿಸ್ಕೆಟ್ ಡಬ್ಬಿ ಸಿಕ್ಕಿತು. ಒಳಗೆ ಸೀಡಿಗಳು. ಏಜ್ ಆಫ್ ಎಂಪೈರ್ಸ್ 2, ಪ್ರಿನ್ಸ್ ಆಫ್ ಪರ್ಷಿಯಾ, ಇನ್ನೂ ಏನೇನೋ. ಅಕ್ಕನ ಮಗ ಒಂದನ್ನು ತಿರುಗಿಸಿ ನೋಡಿ, ‘ಇದು ಎಂತದು ಮಾವ, ಕನ್ನಡಿಯಾ?’ ಎಂದ. ಅವನ ಲ್ಯಾಪ್‌ಟಾಪಿಗೆ ಸೀಡಿ ನುಂಗುವ ಬಾಯಿಯೇ ಇಲ್ಲ, ಪಾಪ.

ಅವನ ವಿಂಡೋಸ್ 11ರಲ್ಲಿ ಇವನ್ನು ಆಡಿಸಲು ನನಗೆ ಮೂರು ಸಂಜೆ ಹಿಡಿಯಿತು. ಅದರಲ್ಲಿ ಎರಡು ಸಂಜೆ ಸುಮ್ನೆ ಹಾಳು. ಆಟ ಯಾವ ಕಾಲದ್ದು ಎಂದು ನೋಡದೆ ಕಂಡ ಬಟನ್ನೆಲ್ಲ ಒತ್ತಿದ್ದೆ. ವಿಂಡೋಸ್‌ಗೂ ಮೊದಲಿನ ಡಾಸ್ ಕಾಲದ್ದೋ, ವಿಂಡೋಸ್ 95-98ರ ಕಾಲದ್ದೋ, ಎಕ್ಸ್‌ಪಿ ಕಾಲದ್ದೋ? ಇದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಆಟಕ್ಕಿಂತ ಮೊದಲು ಸೀಡಿ

ನಮ್ಮ ಕಡೆಯ ತೇವಕ್ಕೆ ಸೀಡಿಗೂ ಬೂಷ್ಟು ಹಿಡಿಯುತ್ತದೆ. ತಮಾಷೆಯಲ್ಲ. ಸೀಡಿಯ ಒಳಗಿನ ಅಲ್ಯೂಮಿನಿಯಂ ಪದರವನ್ನೇ ತಿಂದ ಬೂಷ್ಟನ್ನು 2001ರಲ್ಲಿ ವಿಜ್ಞಾನಿಗಳು ಗುರುತಿಸಿದ್ದರು. ಆ ಸೀಡಿ ಬೆಲೀಜ್ ದೇಶದ್ದು. ಅಲ್ಲೂ ಕಾರವಾರದ ಹಾಗೇ ಸೆಕೆ, ತೇವ. ಸೀಡಿಯನ್ನು ಬೆಳಕಿಗೆ ಹಿಡಿದು ನೋಡಿ. ಒಳಗೇ ಬಲೆಯಂಥ ಗೆರೆ ಎದ್ದಿದ್ದರೆ ಅದರ ಆಸೆ ಬಿಡಿ. ಕೊಳೆ ಮೇಲೆ ಮಾತ್ರ ಇದ್ದರೆ ಒದ್ದೆ ಮಾಡಿದ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತಲೂ ಉಜ್ಜಬೇಡಿ.

ಆಮೇಲೆ ಯುಎಸ್‌ಬಿಗೆ ಚುಚ್ಚುವ ಡಿವಿಡಿ ಡ್ರೈವ್ ಒಂದನ್ನು ಯಾರಿಂದಾದರೂ ಕಡ ತನ್ನಿ. ಇಮ್ಗ್‌ಬರ್ನ್‌ನಂಥ ಉಚಿತ ತಂತ್ರಾಂಶದಲ್ಲಿ ಇಡೀ ಸೀಡಿಯನ್ನು ಒಂದು ಐಎಸ್‌ಒ ಫೈಲ್ ಮಾಡಿಟ್ಟುಕೊಳ್ಳಿ. ವಿಂಡೋಸ್ 8ರಿಂದ ಈಚೆಗೆ ಆ ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಸಾಕು, ಸೀಡಿ ಹಾಕಿದಂತೆಯೇ ತೆರೆದುಕೊಳ್ಳುತ್ತದೆ.

ಡಾಸ್ ಆಟಗಳು

ಇವು ಅತಿ ಹಳೆಯವು, ಆದರೆ ಅತಿ ಸುಲಭ. ಪ್ರಿನ್ಸ್ ಆಫ್ ಪರ್ಷಿಯಾ, ಡೇಂಜರಸ್ ಡೇವ್ ಎಲ್ಲ ಈ ಗುಂಪಿನವು. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ಅದಕ್ಕೆ ಡಾಸ್ ಕಾಲದ 16 ಬಿಟ್ ಪ್ರೋಗ್ರಾಮ್ ಓಡಿಸಲು ಬರುವುದೇ ಇಲ್ಲ. ಏನು ಒತ್ತಿದರೂ ‘ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡುವುದಿಲ್ಲ’ ಎಂಬುದೇ ಉತ್ತರ. ಹಾಗಾಗಿ ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಬೇಕು. ಅದು ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಹಳೇ ಕಂಪ್ಯೂಟರಿನ ವೇಷ ಹಾಕುತ್ತದೆ.

ಆಟದ ಫೋಲ್ಡರನ್ನು ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ. ಅದರೊಳಗಿನ ಇಎಕ್ಸ್‌ಇ ಫೈಲನ್ನು ಎಳೆದು ಡಾಸ್‌ಬಾಕ್ಸ್ ಐಕಾನಿನ ಮೇಲೆ ಬಿಡಿ. ಅಷ್ಟೇ. ಆಟ ಎಳೆದಾಡುತ್ತಿದ್ದರೆ ಕಂಟ್ರೋಲ್ ಮತ್ತು ಎಫ್12 ಒತ್ತಿ, ಹುಚ್ಚು ಹಿಡಿದಂತೆ ಓಡಿದರೆ ಕಂಟ್ರೋಲ್ ಮತ್ತು ಎಫ್11. ಆಲ್ಟ್ ಮತ್ತು ಎಂಟರ್ ಒತ್ತಿದರೆ ಪರದೆ ತುಂಬುತ್ತದೆ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಜೊತೆಗೆ ಎಫ್‌ಎನ್ ಕೀಲಿಯನ್ನೂ ಒತ್ತಬೇಕು. ಇದು ತಿಳಿಯದೆ ನಾನು ಡಾಸ್‌ಬಾಕ್ಸನ್ನೇ ಬೈದದ್ದೂ ಉಂಟು.

ವಿಂಡೋಸ್ ಆಟಗಳು

ನಿಜವಾದ ತಲೆನೋವು ಇಲ್ಲಿದೆ. ಆಟ 32 ಬಿಟ್‌ನದೇ ಇದ್ದರೂ 1990ರ ದಶಕದ ಕೆಲವು ಸೀಡಿಗಳಲ್ಲಿ ಸೆಟಪ್ ಮಾತ್ರ 16 ಬಿಟ್‌ನದು. ಮನೆ ಗಟ್ಟಿ, ಬಾಗಿಲು ಗೆದ್ದಲು. ಆಗ, ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಕಟ್ಟಿಕೊಡುವ ವರ್ಚುವಲ್‌ಬಾಕ್ಸ್‌ನಲ್ಲಿ ಹಳೇ ವಿಂಡೋಸ್ ಕೂರಿಸಿ ಅಲ್ಲಿ ಇನ್‌ಸ್ಟಾಲ್ ಮಾಡಬಹುದು. ಅದಕ್ಕೆ ಆ ವಿಂಡೋಸ್‌ನ ಸೀಡಿ, ಅದರ ಪ್ರಾಡಕ್ಟ್ ಕೀ ನಿಮ್ಮಲ್ಲಿರಬೇಕು.

ಸೆಟಪ್ ಓಡಿದರೆ, ಪ್ರೋಗ್ರಾಮ್ ಫೈಲ್ಸ್ ಒಳಗೆ ಹಾಕಬೇಡಿ. ಅಲ್ಲಿ ಬರೆಯಲು ವಿಂಡೋಸ್ ಸುಲಭಕ್ಕೆ ಬಿಡುವುದಿಲ್ಲ, ಸೇವ್ ಮಾಡಿದ ಆಟ ಎಲ್ಲೋ ಹೋಗಿರುತ್ತದೆ. ಸಿ ಡ್ರೈವಿನಲ್ಲಿ ಬೇರೆ ಫೋಲ್ಡರ್ ಮಾಡಿಕೊಳ್ಳಿ. ನಂತರ ಆಟದ ಐಕಾನಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ. ಅಲ್ಲಿ ವಿಂಡೋಸ್ 98 ಅಥವಾ ಎಕ್ಸ್‌ಪಿ ಆರಿಸಿ. ಬಣ್ಣ ಕಲಸಿಹೋಗಿದ್ದರೆ ಅಲ್ಲೇ 256 ಬಣ್ಣದ ಆಯ್ಕೆಯಿದೆ, ಅದನ್ನೂ ನೋಡಿ.

1999ರ ಏಜ್ ಆಫ್ ಎಂಪೈರ್ಸ್ 2ಕ್ಕೆ ವಿಂಡೋಸ್‌ನ ಹಳೇ ಭಾಗವಾದ ಡೈರೆಕ್ಟ್‌ಪ್ಲೇ ಬೇಕು. ಕಂಟ್ರೋಲ್ ಪ್ಯಾನೆಲ್‌ನ ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಲೆಗಸಿ ಕಾಂಪೊನೆಂಟ್ಸ್ ಬಿಡಿಸಿದರೆ ಸಿಗುತ್ತದೆ. ಅಷ್ಟಾದರೂ ಪರದೆ ಕಪ್ಪಾಗಿಯೇ ಇದೆಯಾ? ಡಿಜಿವೂಡೂ 2 ತಂದು, ಅದರ ಎಂಎಸ್ ಫೋಲ್ಡರಿನೊಳಗಿನ ಎಕ್ಸ್86 ಫೈಲುಗಳನ್ನು ಆಟದ ಪಕ್ಕದಲ್ಲಿ ಇಡಿ. ಹಳೇ ಡೈರೆಕ್ಟ್‌ಎಕ್ಸ್‌ನ ಮಾತನ್ನು ಹೊಸ ಗ್ರಾಫಿಕ್ಸ್ ಕಾರ್ಡಿಗೆ ತಿಳಿಸಿ ಹೇಳುವ ದುಭಾಷಿ ಅದು.

ಸೀಡಿಗೆ ಬೀಗ ಇದ್ದರೆ

2000ದ ಆಸುಪಾಸಿನ ಹಲವು ಆಟಗಳಿಗೆ ನಕಲು ತಡೆಯಲು ಸೇಫ್‌ಡಿಸ್ಕ್ ಎಂಬ ಬೀಗವಿತ್ತು. ಸುರಕ್ಷತೆಯ ಕಾರಣಕ್ಕೆ ವಿಂಡೋಸ್ 10 ಬಂದಾಗ, ಅಂದರೆ 2015ರಲ್ಲಿ, ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿತು. ಅಸಲಿ ಸೀಡಿ ಕೈಯಲ್ಲಿದ್ದೂ ಆಟ ತೆರೆಯುವುದಿಲ್ಲ. ಬೀಗ ಒಡೆದ ಫೈಲುಗಳು ಇಂಟರ್‌ನೆಟ್‌ನಲ್ಲಿ ಸಿಗುತ್ತವೆ, ಜೊತೆಗೆ ವೈರಸ್ಸೂ ಬಂದೀತು. ನಾನಾದರೆ ಆಟ ಮಾರುವ ಜಿಒಜಿ ಜಾಲತಾಣದಲ್ಲಿ ಅದೇ ಆಟ ಇದೆಯಾ ನೋಡುತ್ತೇನೆ. ಹೊಸ ವಿಂಡೋಸ್‌ಗೆ ಹೊಂದಿಸಿ, ಬೀಗ ತೆಗೆದೇ ಮಾರುತ್ತಾರೆ. ಹಬ್ಬದ ರಿಯಾಯಿತಿಯಲ್ಲಿ ಬೆಲೆ ಜಾಸ್ತಿಯೇನೂ ಇರುವುದಿಲ್ಲ.

ಮೂರನೇ ಸಂಜೆ ಜೋರು ಮಳೆಗೆ ಕರೆಂಟ್ ಹೋಯಿತು. ಬ್ಯಾಟರಿಯಲ್ಲೇ ಪ್ರಿನ್ಸ್ ಓಡುತ್ತಿದ್ದ. ಎರಡನೇ ಹಂತದಲ್ಲಿ ಮುಳ್ಳಿನ ಮೇಲೆ ಬಿದ್ದ. ‘ಸೇವ್ ಎಲ್ಲಿ ಮಾವ?’ ಎಂದು ಅಳಿಯ ಕೇಳಿದ. ಮೂರನೇ ಹಂತ ಮುಟ್ಟಿದ ಮೇಲೆ ಕಂಟ್ರೋಲ್ ಮತ್ತು ಜಿ ಒತ್ತು, ಅಲ್ಲಿಯವರೆಗೆ ಇಲ್ಲ ಎಂದೆ. ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಮತ್ತೆ ಮೊದಲಿಂದ ಶುರುಮಾಡಿದ.