ಅಳುವುದನ್ನು ಸಂಜೆ 5 ಗಂಟೆಗೆ ಮುಂದೂಡಿದೆ: ನನ್ನ ಅನುಭವ

"ಫೋನ್ ಮುಂದೆ ಕೂತು ಗೊಣಗಿದ್ರೆ ಕಾಯಿಲೆ ಹೋಗುತ್ತಾ ಅತ್ತಿಗೆ?" ಅಂತ ನನ್ನ ನಾದಿನಿ ಎಲ್ಲರೆದುರು ನಕ್ಕಿದ್ದಳು. ನನ್ನದು ಕೀಲುವಾತ, ಡಾಕ್ಟರ್ ಭಾಷೆಯಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್. ಕಾಯಿಲೆ ಎಲ್ಲಿಗೆ ಹೋಗುತ್ತೆ, ಇಲ್ಲೇ ಇದೆ. ಆದರೆ ಅದರ ಬೆನ್ನಿಗೇ ಬಂದು ಎದೆ ಮೇಲೆ ಕೂತಿದ್ದ ಭಾರ ಮುಕ್ಕಾಲು ಪಾಲು ಇಳಿದಿದೆ. ಅವಳಿಗೆ ಗೊತ್ತಾಗಲಿ ಅಂತಲೂ ಇದನ್ನು ಬರೆಯುತ್ತಿದ್ದೇನೆ.

ಓದುತ್ತಿರುವವರು ನನ್ನಂಥವರೇ ಅಂದುಕೊಂಡಿದ್ದೇನೆ. ಆಂಟಿ ಸಿಸಿಪಿ, ಇಎಸ್‌ಆರ್ ಅನ್ನುವ ರಕ್ತಪರೀಕ್ಷೆಗಳ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ವಾರಕ್ಕೊಂದೇ ದಿನ ಈ ಕಾಯಿಲೆಯ ಮೆಥೊಟ್ರೆಕ್ಸೇಟ್ ಮಾತ್ರೆ, ಬೇರೆ ದಿನ ಫೋಲಿಕ್ ಆಸಿಡ್ ವಿಟಮಿನ್, ಆಗಾಗ ಲಿವರ್ ಪರೀಕ್ಷೆ, ಎಲ್ಲ ಬಾಯಿಪಾಠ ಆಗಿರುತ್ತದೆ.

ನಾನು ಹಾಸನದಲ್ಲಿ ಹೊಲಿಗೆ ಕೆಲಸ ಮಾಡುವವಳು. ಕಟ್ಟಿನಕೆರೆ ಮಾರ್ಕೆಟ್ ಹತ್ತಿರ ಚಿಕ್ಕ ಅಂಗಡಿ, ಸುಮಾರು 19 ವರ್ಷದಿಂದ. ಪ್ರಿನ್ಸೆಸ್ ಕಟ್ ಬ್ಲೌಸ್ ಹೊಲಿಸಲು ಅರಸೀಕೆರೆಯಿಂದ ಬರುವವರಿದ್ದಾರೆ, ಈಗಲೂ. 2023ರ ಬೇಸಿಗೆಯಲ್ಲಿ ಎರಡೂ ಕೈಯ ಬೆರಳ ಗೆಣ್ಣು ಊದಿದವು. ಮೊದಲು ತೋರಿಸಿದ ಕಡೆ ಚಿಕೂನ್‌ಗುನ್ಯಾ ಬಂದು ಹೋಗಿರಬೇಕು ಅಂದರು. 2 ತಿಂಗಳು ನೋವಿನ ಮಾತ್ರೆ ನುಂಗಿದೆ. ಜುಲೈನಲ್ಲಿ ಬೆಂಗಳೂರಿಗೆ ಹೋಗಿ ಕೀಲಿನ ಡಾಕ್ಟರಿಗೆ ತೋರಿಸಿದ ಮೇಲೆ ಹೆಸರು ಗೊತ್ತಾಯಿತು. ವಾಪಸ್ ಬರುವಾಗ ರೈಲು ಶ್ರವಣಬೆಳಗೊಳ ದಾಟಿತು. ನಮ್ಮನೆಯವರು ಬೆಟ್ಟದ ಕಡೆ ತಿರುಗಿ ಕೈ ಮುಗಿದರು. ನನ್ನ ಅಂಗೈ ಒಂದಕ್ಕೊಂದು ಕೂಡಲೇ ಇಲ್ಲ.

ಮೊದಲು ಸೋತದ್ದೆಲ್ಲ ಹೇಳಿಬಿಡುತ್ತೇನೆ.

ಮುಚ್ಚಿಟ್ಟೆ. ಅದೇ ದೊಡ್ಡ ತಪ್ಪು. ವರಮಹಾಲಕ್ಷ್ಮಿ, ಗೌರಿ ಹಬ್ಬ ಒಂದರ ಹಿಂದೆ ಒಂದು ಬರುವ ಕಾಲ, ನಮ್ಮ ಕಸುಬಿನವರಿಗೆ ಊಟಕ್ಕೂ ಪುರುಸೊತ್ತಿರಲ್ಲ. ಮಿಷಿನ್ ಹೇಗೋ ತುಳಿಯುತ್ತಿದ್ದೆ. ಹುಕ್ಕು ಹಾಕಲು ಕೂತರೆ ಮಾತ್ರ ಅಳು ಬರುತ್ತಿತ್ತು. ಹುಕ್ಕು ಎರಡು ಬೆರಳ ನಡುವೆ ನಿಲ್ಲುವುದೇ ಇಲ್ಲ. ಜಾರಿ ನೆಲಕ್ಕೆ ಬೀಳುತ್ತದೆ. ಬಗ್ಗಿ ಹುಡುಕೋಣ ಅಂದರೆ ಮಂಡಿ ಮಡಚಲ್ಲ. ಅಯಸ್ಕಾಂತದ ಚೂರಿಗೆ ದಾರ ಕಟ್ಟಿ, ಬಾವಿಗೆ ಕೊಡ ಬಿಟ್ಟ ಹಾಗೆ ಕೆಳಕ್ಕೆ ಬಿಟ್ಟು ಹುಕ್ಕು ಎತ್ತುತ್ತಿದ್ದೆ. ಗಿರಾಕಿ ಬಂದರೆ ಅದನ್ನು ಸೆರಗಿನಲ್ಲಿ ಬಚ್ಚಿಡುತ್ತಿದ್ದೆ. ಆ ಹಬ್ಬಕ್ಕೆ 11 ಬ್ಲೌಸ್ ಹೇಳಿದ ದಿನಕ್ಕೆ ಕೊಡಲಾಗಲಿಲ್ಲ. "ಏನಕ್ಕ, ಈಗೀಗ ನಿಮಗೂ ಜಂಬ ಬಂತಾ?" ಅಂತ ಒಬ್ಬಳು ಕೇಳಿದಳು. ಕಾಯಿಲೆ ಅನ್ನುವುದಕ್ಕಿಂತ ಜಂಬ ಅನ್ನಿಸಿಕೊಂಡದ್ದೇ ವಾಸಿ ಅಂತ ಸುಮ್ಮನಾದೆ. ಎಂಥ ದಡ್ಡತನ ನೋಡಿ.

ಆಮೇಲೆ ಕೀಲುನೋವಿಗೆ ಅಂತ ಕೊಡುವ ಒಂದು ಪುಡಿ. ಯಾವ ಊರು, ಯಾರು ಕೊಡುತ್ತಾರೆ ಅಂತ ಹೇಳಲ್ಲ. ಮೆಥೊಟ್ರೆಕ್ಸೇಟ್ ಬಿಟ್ಟು 40 ದಿನ ತಿಂದೆ, ಹೆಚ್ಚು ಕಡಿಮೆ 6,500 ರೂಪಾಯಿ. 10 ದಿನಕ್ಕೆ ನೋವು ಮಂಗಮಾಯ. ಹಾರಾಡಿದೆ. ಮುಖ ದುಂಡಗಾಯಿತು, ಎಲ್ಲರೂ ಲಕ್ಷಣವಾಗಿದ್ದೀಯ ಅಂದರು. ಪುಡಿ ಮುಗಿದ ವಾರಕ್ಕೆ ಹಾಸಿಗೆ ಹಿಡಿದೆ. ಅದರಲ್ಲಿ ಸ್ಟೀರಾಯ್ಡ್ ಬೆರೆಸಿರಬಹುದು ಅಂದರು ಡಾಕ್ಟರ್. ದುಡ್ಡು ಹೋದದ್ದು ಹೋಗಲಿ. ವಾಸಿಯಾಯಿತು ಅಂತ ನಂಬಿ ಒಂದು ತಿಂಗಳು ನಕ್ಕಿದ್ದೆನಲ್ಲ, ಅದನ್ನು ಕಿತ್ತುಕೊಂಡದ್ದು ಮೊದಲ ರಿಪೋರ್ಟಿಗಿಂತ ಜಾಸ್ತಿ ಕೆಡವಿತು. ಹಾಸನಾಂಬೆ ಬಾಗಿಲು ತೆಗೆಯುವುದೇ ವರ್ಷಕ್ಕೊಮ್ಮೆ. ನಾನು ದರ್ಶನಕ್ಕೆ ಹೋಗದೆ ಉಳಿದದ್ದು ಆ ವರ್ಷವೇ ಮೊದಲು.

ಧ್ಯಾನದ ಆ್ಯಪ್‌ಗೆ 1,200 ಕಟ್ಟಿದೆ. ನೆಲದ ಮೇಲೆ ಚಕ್ಕಲಮಕ್ಕಲ ಹಾಕಲು ಆಗಲ್ಲ, ಕುರ್ಚಿ ಮೇಲೆ ಕೂತರೆ ನಿದ್ದೆ. ಯೂಟ್ಯೂಬ್‌ನಲ್ಲಿ ಸೊಟ್ಟ ಕೈಗಳ ಚಿತ್ರ ನೋಡಿ ನೋಡಿ ಸಾಕಾಯಿತು.

ಈಗ ದಾರಿ ಸಿಕ್ಕಿದ ದಿನದ ಕಥೆ. ದೀಪಾವಳಿ ಕಳೆದಿತ್ತು. ಬೆಳಗ್ಗೆ 6ಕ್ಕೆ ಎದ್ದೆ, ಬೆರಳುಗಳು ಬಾಳೆಕಾಯಿ ಥರ. ಬಚ್ಚಲ ನಲ್ಲಿ ತಿರುಗಿಸಲು ಆಗಲಿಲ್ಲ. ಮುಗಿಯಿತು ನನ್ನ ಕಥೆ ಅನ್ನಿಸಿತು. 7 ಗಂಟೆಗೆ ಹಳೇ ಮಿಷಿನ್ ಕೊಳ್ಳುವವರಿಗೆ ಫೋನ್ ಮಾಡಿ, ನನ್ನ ಉಷಾ ಮಿಷಿನ್ 8,000ಕ್ಕೆ ತಗೊಂಡು ಹೋಗಿ ಅಂದೆ. ಆ ಮನುಷ್ಯ ಸಂಜೆ 4ಕ್ಕೆ ಆಟೋ ಮಾಡಿಕೊಂಡು ಬಂದರು. ಬಂದಾಗ ನಾನು ಅದೇ ಮಿಷಿನ್ ಮೇಲೆ ಲೈನಿಂಗ್ ಹೊಲಿಯುತ್ತಾ ಕೂತಿದ್ದೆ! ಮಧ್ಯಾಹ್ನದ ಹೊತ್ತಿಗೆ ಕೈ ಸಡಿಲಾಗಿತ್ತು, ಕೆಲಸ ಇತ್ತು, ಕೂತಿದ್ದೆ, ಬೆಳಗಿನ ಮಾತು ಮರೆತೇ ಹೋಗಿತ್ತು. "ಮಾರಾಟ ಇಲ್ಲ" ಅಂದೆ. ಅವರು ಬೈದುಕೊಂಡು, ಆಟೋ ಬಾಡಿಗೆ 150 ಇಸಿದುಕೊಂಡು ಹೋದರು.

ರಾತ್ರಿ ಅದೇ ಯೋಚನೆ. 7ಕ್ಕೆ ಮಾರುತ್ತೇನೆ ಅಂದವಳು ಯಾರು, 4ಕ್ಕೆ ಇಲ್ಲ ಅಂದವಳು ಯಾರು? ಕೈ ಬಿಗಿದಿರುವ ಹೊತ್ತಿನಲ್ಲಿ ತಲೆಯೂ ಬಿಗಿದಿರುತ್ತದೆ. ಕೈ ಬಿಟ್ಟುಕೊಳ್ಳಲು ಆಗ ನನಗೆ ಒಂದೂವರೆ ಗಂಟೆ, ಕೆಲವು ದಿನ ಎರಡು ಗಂಟೆ ಬೇಕಿತ್ತು. ತಲೆಗೂ ಅಷ್ಟು ಕೊಡೋಣ ಅಂತ ತೀರ್ಮಾನಿಸಿದೆ.

ಬೆಳಗ್ಗೆ 10ರ ಒಳಗೆ ಬಂದ ಯಾವ ಯೋಚನೆಗೂ ಅಲ್ಲೇ ಅಳುವುದಿಲ್ಲ, ಯಾರಿಗೂ ಹೇಳುವುದಿಲ್ಲ, ಏನೂ ನಿರ್ಧಾರ ಮಾಡುವುದಿಲ್ಲ. ಪೆನ್ನು ಹಿಡಿಯಲು ಆಗಲ್ಲವಲ್ಲ, ಅದಕ್ಕೆ ಫೋನಿನಲ್ಲಿ ರೆಕಾರ್ಡ್. ಬಾಂಡ್ಲಿಯಲ್ಲಿ ಬಿಸಿನೀರು, ಅದರಲ್ಲಿ ಎರಡೂ ಕೈ. ಕಾಫಿಪುಡಿ ಡಬ್ಬಿಗೆ ಒರಗಿಸಿದ ಫೋನ್. ಅರ್ಧ ನಿಮಿಷ, ಹೆಚ್ಚೆಂದರೆ ಒಂದು. "ಮಗಳ ಮದುವೆಯಲ್ಲಿ ನನ್ನ ಕೈ ನೋಡಿ ಗಂಡಿನ ಕಡೆಯವರು ಏನಂದುಕೊಳ್ತಾರೆ" ಅಂತ ಒಂದು. ಮಗಳು ಆಗ 9ನೇ ಕ್ಲಾಸು! ಸಂಜೆ 5ಕ್ಕೆ, ಗಿರಾಕಿಗಳು ಬರುವ ಮುಂಚೆ, ಕಾಫಿ ಇಟ್ಟುಕೊಂಡು ಕೇಳುವುದು. ಅಳಬೇಕು ಅನ್ನಿಸಿದರೆ ಆಗ ಅಳುವುದು, ತಡೆಯಿಲ್ಲ.

ಮೊದಲ ವಾರ ಕೆಲಸ ಮಾಡಲಿಲ್ಲ. ಬೆಳಗ್ಗೆ ಹೇಳಿಯೂ ಅತ್ತೆ, ಸಂಜೆ ಕೇಳಿಯೂ ಅತ್ತೆ. ಡಬಲ್ ಲಾಸು. ನಮ್ಮತ್ತೆ ಬಾಗಿಲಲ್ಲಿ ನಿಂತು "ಯಾರ್ ಜೊತೆ ಮಾತಾಡ್ತಿದೀಯೆ? ನಮ್ ಕಾಲದಲ್ಲಿ ಇದಕ್ಕೆಲ್ಲ ಹೆಸರೇ ಇರ್ಲಿಲ್ಲ ಕಣೆ" ಅಂದರು. ಆಮೇಲೆ ರೆಕಾರ್ಡಿನ ಮೊದಲ ಮಾತು ಬದಲಾಯಿಸಿದೆ. ಯಾರಿಗೆ ಹೇಳುತ್ತಿದ್ದೇನೆ ಅಂತ ಒಂದು ಹೆಸರು ಕರೆದು ಶುರು ಮಾಡಿದೆ. ಆ ಹೆಸರು ಹೇಳಲ್ಲ, ಅದು ನನ್ನದು. ನಿಮಗೆ ನಿಮ್ಮದು ಸಿಗುತ್ತದೆ. ಅಲ್ಲಿಂದ ಹಿಡಿತ ಬಂತು.

ಮೂರು ತಿಂಗಳಲ್ಲಿ 150ರ ಆಸುಪಾಸು ರೆಕಾರ್ಡ್ ಆಗಿರಬೇಕು. ಸಂಜೆಗೂ ನಿಜ ಅನ್ನಿಸಿದ್ದು 25 ಇದ್ದರೆ ಹೆಚ್ಚು. ಉಳಿದವನ್ನು ಕೇಳಿದರೆ ಪಕ್ಕದ ಮನೆಯವಳ ಗೋಳು ಕೇಳಿದ ಹಾಗೆ, ಪಾಪ ಅನ್ನಿಸುತ್ತಿತ್ತು ಅಷ್ಟೆ. ಆ 25ರಲ್ಲಿ ಬಹುಪಾಲು ದುಡ್ಡಿನದು, ಕೆಲಸದ್ದು. ಅವಕ್ಕೆ ಏನಾದರೂ ಮಾಡಬಹುದಿತ್ತು. ಮಿಷಿನ್‌ಗೆ ಮೋಟರ್ ಹಾಕಿಸಿದೆ, 1,800 ಆಯಿತು. ಹುಕ್ಕು, ಕೈಹೊಲಿಗೆ ಎಲ್ಲ ಪಕ್ಕದ ಬೀದಿ ಹುಡುಗಿಗೆ ಕೊಟ್ಟೆ, ಬ್ಲೌಸಿಗೆ 10 ರೂಪಾಯಿ. ಗಿರಾಕಿಗಳಿಗೆ ಬಾಯಿಬಿಟ್ಟು ಹೇಳಿದೆ: "ನನಗೆ ಕೀಲುವಾತ ಇದೆ, 4 ದಿನ ಜಾಸ್ತಿ ಬೇಕು, ಹೊಲಿಗೆ ಅದೇ ಇರುತ್ತೆ." ಇಬ್ಬರು ಬೇರೆ ಕಡೆ ಹೋದರು. ಒಬ್ಬರು ವಾಪಸ್ ಬಂದರು, ತೋಳು ಕೆಡಿಸಿಕೊಂಡು! ಕತ್ತರಿ ಹಿಡಿಯಲು ಒಂದು ಉಪಾಯ ಮಾಡಿಕೊಂಡಿದ್ದೇನೆ. ಅದನ್ನೂ ಹೇಳಲ್ಲ, ನಮ್ಮ ಬೀದಿಯಲ್ಲಿ ಇನ್ನೂ ಮೂರು ಹೊಲಿಗೆ ಅಂಗಡಿ ಇವೆ.

ಇನ್ನೊಂದು ನಿಯಮ ಮುಖ್ಯ. ಒಂದೇ ಮಾತು ಮೂರು ಸಂಜೆ ಹಾಗೇ ಉಳಿದರೆ ಒಬ್ಬಳೇ ಇಟ್ಟುಕೊಳ್ಳುವ ಹಾಗಿಲ್ಲ. ಫೆಬ್ರವರಿಯಲ್ಲಿ ಹಾಗಾಯಿತು, "ನಾನಿಲ್ಲದಿದ್ದರೆ ಇವರಿಗೆಲ್ಲ ಹಗುರ" ಅನ್ನುವ ಮಾತು. ಮೂರನೇ ಸಂಜೆ ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಫೋನ್ ಮಾಡಿದೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಿದರು, ಅರ್ಧ ಗಂಟೆ ಕೇಳಿಸಿಕೊಂಡರು. ನಮ್ಮನೆಯವರಿಗೆ ಅವತ್ತೇ ಹೇಳಿ ಅಂದರು. ಹೇಳಿದೆ. ಇಂಥ ಮಾತು ನಿಮಗೆ ಬಂದರೆ ನನ್ನ ಹಾಗೆ ಮೂರು ಸಂಜೆ ಕಾಯಬೇಡಿ, ಬೆಳಗ್ಗೆಯಾದರೂ ಸರಿ, ಆಗಲೇ ಮಾಡಿ.

ರೆಕಾರ್ಡಿನಿಂದ ಬೇರೆ ಲಾಭವೂ ಆಯಿತು. ಒಂದು ತಿಂಗಳಿನವು ಪೂರ್ತಿ ಸಿಟ್ಟು, ಅಳುವೇ ಇಲ್ಲ. ಅತ್ತೆ ಮೇಲೆ, ಬೀದಿ ನಾಯಿ ಮೇಲೆ, ದಾರದ ಉಂಡೆ ಮೇಲೆ. ಲೆಕ್ಕ ಹಾಕಿದರೆ ಡಾಕ್ಟರ್ ನನ್ನ ಸ್ಟೀರಾಯ್ಡ್ ಮಾತ್ರೆ ಜಾಸ್ತಿ ಮಾಡಿದ್ದ ತಿಂಗಳದು, ನಿದ್ದೆಯೂ ಇರಲಿಲ್ಲ. ಡಾಕ್ಟರಿಗೆ ಹೇಳಿದ ಮೇಲೆ ನಿಧಾನವಾಗಿ ಇಳಿಸಿದರು. ಹಾಗೇ ಸೋಮವಾರದ ಮಾತುಗಳನ್ನು ಈಗ ಲೆಕ್ಕಕ್ಕೇ ತಗೊಳ್ಳಲ್ಲ. ಭಾನುವಾರ ರಾತ್ರಿ ಮೆಥೊಟ್ರೆಕ್ಸೇಟ್, ಸೋಮವಾರ ಹೊಟ್ಟೆ ತೊಳಸುತ್ತದೆ, ಅಂಗಡಿಗೂ ರಜ.

ಮಳೆಗೂ ಬಿಗಿತಕ್ಕೂ ಸಂಬಂಧ ಇದೆಯಾ ಅಂತಲೂ ಒಂದು ಜುಲೈ ಪೂರ್ತಿ ಗೀಟು ಹಾಕಿದೆ. ಆ ತಿಂಗಳು ಮಳೆ ಇಲ್ಲದ ದಿನ ನಾಲ್ಕೋ ಐದೋ, ಯಾವುದಕ್ಕೆ ಹೋಲಿಸುವುದು? ಆಲೂಗಡ್ಡೆ, ಬದನೆ, ಟೊಮೆಟೊ ಬಿಡು ಅಂದವರು ಡಜನ್‌ಗಟ್ಟಲೆ. ಹಾಸನದಲ್ಲಿದ್ದುಕೊಂಡು ಆಲೂಗಡ್ಡೆ ಬಿಡುವುದು ಅಂದರೆ! 6 ವಾರ ಬಿಟ್ಟೆ. ನನಗೇನೂ ವ್ಯತ್ಯಾಸ ಕಾಣಲಿಲ್ಲ, ಸಾರು ಸಪ್ಪೆಯಾಯಿತು ಅಷ್ಟೆ.

ಮುದ್ದೆ ತೊಳಸುವ ಕೆಲಸ ನಮ್ಮನೆಯವರಿಗೆ ಹೋಯಿತು. ಮೊದಲ ದಿನಗಳ ಮುದ್ದೆ ಕೇಳಬೇಡಿ. "ಇವಳ ಕೈಲೂ ಗಂಟು, ಇವನ ಮುದ್ದೇಲೂ ಗಂಟು" ಅಂದರು ಅತ್ತೆ. ರಿಪೋರ್ಟ್ ಬಂದ ಮೇಲೆ ಮೂವರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಎರಡು ವರ್ಷ ದಾಟಿತು. ಬೆಳಗಿನ ಬಿಗಿತ ಈಗ 20 ನಿಮಿಷ, ಅದು ಮಾತ್ರೆಯ ಕೆಲಸ, ನನ್ನ ಫೋನಿನದಲ್ಲ. ರೆಕಾರ್ಡ್ ವಾರಕ್ಕೆ ಒಂದೋ ಎರಡೋ. ಹೋದ ಹಾಸನಾಂಬೆಗೆ 300ರ ಟಿಕೆಟ್ ತಗೊಂಡು ಹೋಗಿ ಬಂದೆ, ಕೈಯೂ ಜೋಡಿಸಿದೆ, ಬೆರಳು ಸ್ವಲ್ಪ ಸೊಟ್ಟ. ಹುಕ್ಕು ಮಾತ್ರ ಇನ್ನೂ ಆಗಲ್ಲ. ಆ ಹುಡುಗಿ ಈಗ ಬ್ಲೌಸಿಗೆ 15 ಕೇಳುತ್ತಿದ್ದಾಳೆ. 12ಕ್ಕೆ ಒಪ್ಪಿಸಬೇಕು.