ಮಳೆ ಕೈಕೊಟ್ಟ ವರ್ಷ ದನ-ಕುರಿ, ಗೋಮಾಳ ಎರಡನ್ನೂ ಉಳಿಸಿಕೊಳ್ಳುವುದು ಹೇಗೆ?

ಗಿರಿಯ ಆ ಕಡೆ ಮೂಡಿಗೆರೆಯಲ್ಲಿ ಬಿಚ್ಚಿದ ಕೊಡೆ ಮಡಿಸೋಕೆ ಬಿಡುವಿರಲ್ಲ. ಈ ಕಡೆ ಕಡೂರಿನಲ್ಲಿ ಮೋಡ ನೋಡಿ ನೋಡಿ ಕತ್ತು ನೋಯುತ್ತದೆ. ಎರಡೂ ಒಂದೇ ಚಿಕ್ಕಮಗಳೂರು ಜಿಲ್ಲೆ! ಅರಸೀಕೆರೆಯ ಪಾಡೂ ಕಡೂರಿನಂಥದ್ದೇ. ಇಲ್ಲಿನ ಗೊಲ್ಲರಹಟ್ಟಿಗಳಲ್ಲಿ, ಕುರುಬರ ಮನೆಗಳಲ್ಲಿ ಮಂದೆ ಉಳಿದು ಬಂದಿರುವುದು ಮಳೆ ತಪ್ಪಿದರೆ ಏನು ಮಾಡಬೇಕು ಅಂತ ಮೊದಲೇ ಗೊತ್ತಿದ್ದದ್ದರಿಂದ.

ಮೊದಲು ನೆಲದ ಲೆಕ್ಕ. ಊರಿನ ಗೋಮಾಳದ ಸರ್ವೆ ನಂಬರ್ ಹಿಡಿದು ಪಹಣಿ ತೆಗೆಸಿ. 1966ರ ಭೂ ಕಂದಾಯ ನಿಯಮಗಳ 97ನೇ ನಿಯಮದಂತೆ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. ಅದಕ್ಕೇ ಜಾನುವಾರು ಗಣತಿಯವರು ಬಂದಾಗ 'ಇರಲಿ ಬಿಡಿ' ಅನ್ನದೆ ಎಲ್ಲವನ್ನೂ ಬರೆಸಿ. ಕಾಗದದಲ್ಲಿ ದನ ಕಡಿಮೆಯಾದರೆ ಗೋಮಾಳ ಜಾಸ್ತಿ ಇದೆ ಅಂತಾಗಿ, ಬೇರೆ ಕೆಲಸಕ್ಕೆ ಹೋಗುತ್ತದೆ.

ಎರಡನೆಯದು, ನೆಲವನ್ನು ಕಾಲಕ್ಕೆ ತಕ್ಕಂತೆ ಹಂಚುವುದು. ಇದನ್ನು ಕಲಿಯೋಕೆ ದೂರ ಹೋಗಬೇಕಿಲ್ಲ, ಅಜ್ಜಂಪುರ, ಬೀರೂರು ಕಡೆಯ ಅಮೃತ ಮಹಲ್ ಕಾವಲುಗಳೇ (ದನ ಮೇಯೋಕೆ ಕಾದಿಟ್ಟ ಹುಲ್ಲುಗಾವಲುಗಳು) ಸಾಕು. ಮೈಸೂರು ಅರಸರ ದನಗಳ ಇಲಾಖೆಯಾದ 'ಬೆಣ್ಣೆ ಚಾವಡಿ'ಗೆ ಟಿಪ್ಪು 'ಅಮೃತ ಮಹಲ್' ಅಂತ ಹೆಸರಿಟ್ಟ. ಅದರ ಕಾವಲುಗಳಲ್ಲಿ ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಅಂತ ಮೂರು ಬಗೆ. ಬೆಲೆ ಜಾಸ್ತಿ ಬೇಸಿಗೆ ಕಾವಲಿಗೆ. ಅವು ಹೆಚ್ಚಾಗಿ ಕೆರೆ ಅಂಗಳಗಳು: ನಾಲ್ಕು ಹನಿ ಬಿದ್ದರೂ ಹಸಿರು ಚಿಗುರುತ್ತದೆ, ಮರದ ನೆರಳೂ ಇರುತ್ತದೆ. ಉಳಿದವು ಬಿಸಿಲಿಗೆ ಒಣಗಿ ನಿಲ್ಲುತ್ತಿದ್ದವು.

ನಿಮ್ಮೂರಲ್ಲೂ ಹೀಗೇ ಮಾಡಬಹುದು. ದಿಬ್ಬ, ಕಲ್ಲುನೆಲದ ಹುಲ್ಲನ್ನು ಮಳೆಗಾಲದಲ್ಲಿ ಮೇಯಿಸಿ ಮುಗಿಸಿ. ತಗ್ಗು, ಹಳ್ಳದ ಪಕ್ಕ, ಕೆರೆ ಅಂಗಳಕ್ಕೆ ಆಗ ಕಾಲಿಡಬೇಡಿ. ಯಾವ ಭಾಗ ಯಾವಾಗ ತೆರೆಯಬೇಕು, ಹೊರಗಿನ ಮಂದೆ ಬಂದರೆ ಎಷ್ಟು ದಿನ ಬಿಡಬೇಕು ಅನ್ನುವುದನ್ನು ಯುಗಾದಿ ಹೊತ್ತಿಗೇ ಊರವರು ಕೂತು ಮಾತಾಡಿಕೊಳ್ಳಿ. ಹುಲ್ಲು ಮುಗಿದ ಮೇಲೆ ಕೂತರೆ ಬರೀ ಜಗಳ.

ಮೇಯಿಸುವಾಗ ದನ ಮುಂದೆ, ಕುರಿ ಹಿಂದೆ. ಕುರಿ ಬುಡದವರೆಗೂ ಕಚ್ಚುತ್ತದೆ. ಅದು ಮೇಯ್ದ ಜಾಗದಲ್ಲಿ ದನಕ್ಕೆ ಏನೂ ಸಿಗಲ್ಲ. ಮೊದಲ ಮಳೆಯ ಎಳೆ ಹುಲ್ಲಿಗಂತೂ ಹಸಿದ ಕುರಿಗಳನ್ನು ಒಮ್ಮೆಲೇ ನುಗ್ಗಿಸಬೇಡಿ. ಕರುಳುಬೇನೆ ಬರುವುದೇ ಆಗ. ಅದರ ಲಸಿಕೆ ಮುಂಗಾರಿಗೆ ಮುಂಚೆಯೇ ಆಗಿರಲಿ.

ಮೇವು ಸಾಲದಿದ್ದರೆ ಮಂದೆ ಹೊರಡಬೇಕು. ಕೊಯ್ಲಾದ ಹೊಲ, ತೆಂಗಿನ ತೋಟದಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ತೋಟದವರಿಗೆ ಗೊಬ್ಬರ, ನಿಮಗೆ ದುಡ್ಡೋ ರಾಗಿಯೋ. ಬರದ ವರ್ಷ ಈ ಪರಿಚಯಗಳೇ ದಾರಿ ತೋರಿಸುವುದು. ಒಳ್ಳೆ ವರ್ಷದಲ್ಲೂ ಅವರ ಹೊಲಕ್ಕೆ ಹೋಗಿ, ದರಕ್ಕೆ ತೀರಾ ಜಗ್ಗಬೇಡಿ.

ಕಷ್ಟದ ಹೆಜ್ಜೆ ಮಾರುವುದು. 'ಇನ್ನೊಂದು ಮಳೆ ನೋಡೋಣ' ಅನ್ನುತ್ತಲೇ ಆರಿದ್ರಾ, ಪುಷ್ಯ, ಆಶ್ಲೇಷ ಎಲ್ಲ ದಾಟಿಬಿಡುತ್ತವೆ. ಅಷ್ಟರಲ್ಲಿ ಸುತ್ತಲ ಊರವರೆಲ್ಲ ಸಂತೆಗೆ ಹೊಡೆದುಕೊಂಡು ಬಂದಿರುತ್ತಾರೆ, ರೇಟು ನೆಲ ಕಚ್ಚಿರುತ್ತದೆ. ನನ್ನ ಮಾತು ಕೇಳಿದರೆ, ಆಶ್ಲೇಷಕ್ಕೆ ಮುಂಚೆಯೇ ಹೆಚ್ಚಿನ ಟಗರು, ಹಲ್ಲು ಹೋದ ಮುದಿ ಕುರಿ ಮಾರಿಬಿಡಿ. ಪ್ರಾಯದ ಹೆಣ್ಣು ಕುರಿ ಉಳಿಸಿಕೊಳ್ಳಿ. ಮಂದೆ ಮತ್ತೆ ಬೆಳೆಯುವುದು ಅವುಗಳಿಂದಲೇ ಅಲ್ವಾ? ಆಮೇಲೆ ಮಳೆ ಬಂದರೆ ಖಾಲಿ ಹೊಲಕ್ಕೆ ಹುರುಳಿ ಚೆಲ್ಲಿ. ಕಾಳು ಕೈಗೆ ಬರದಿದ್ದರೂ ಮೇವಾಗುತ್ತದೆ.

ಇನ್ನೊಂದು ಎಚ್ಚರಿಕೆ. ಬಿಸಿಲಿಗೆ ಬಾಡಿದ ಜೋಳ ತಡವಾದ ಮಳೆಗೆ ಮತ್ತೆ ಚಿಗುರಿದಾಗ ನೋಡೋಕೆ ಬಲು ಚೆಂದ. ಆದರೆ ಆ ಎಳೆ ಪೈರಿನಲ್ಲಿ ಸಯನೈಡ್ ವಿಷ ಇರುತ್ತದೆ. ಹೂ ಬಿಡುವವರೆಗೆ ದನ-ಕುರಿಯನ್ನು ಆ ಹೊಲಕ್ಕೆ ಬಿಡಬೇಡಿ. ಮೇಯ್ದ ದನ ಏದುಸಿರು ಬಿಟ್ಟು ತೂರಾಡಿದರೆ ತಕ್ಷಣ ಹೊಲದಿಂದ ಹೊರಗೆ ಹೊಡೆದು 1962ಕ್ಕೆ ಫೋನ್ ಮಾಡಿ, ಪಶು ವೈದ್ಯರ ಗಾಡಿ ಬರುತ್ತದೆ.